ನಾಯಿಗೂ ಜಾತಿ ಕೇಳಬೇಕೇ?

ತಾಯಿಯಿಲ್ಲದ ಬೀದಿಮರಿಯನ್ನು ಮನೆಗೆ ತಂದು, ಸಾಕುವವರು ಸಿಗುವವರೆಗೆ ಪೊರೆಯುವುದು ದೊಡ್ಡ ಕಷ್ಟವಲ್ಲ. ಮೆತ್ತಗೆ ಕಲಸಿದ ಅನ್ನ, ಮಲಗಲು ಗೋಣಿಚೀಲ, ಪಶು ಆಸ್ಪತ್ರೆಯಲ್ಲಿ ಜಂತುಹುಳುವಿನ ಔಷಧಿ, 3 ತಿಂಗಳು ತುಂಬಿದಾಗ ರೇಬೀಸ್ ಲಸಿಕೆ: ಇಷ್ಟನ್ನು ಯಾವ ಮನೆಯವರಾದರೂ ಮಾಡಬಲ್ಲರು.

ಕಷ್ಟ ಎದುರಾಗುವುದು ಮರಿಯನ್ನು ಕೊಡಲು ಹೊರಟಾಗ. “ಜಾತಿ ನಾಯಿಯೇ?” ಎಂಬುದು ಮೊದಲ ಪ್ರಶ್ನೆ. “ಹೆಣ್ಣೇ? ಹಾಗಾದರೆ ಬೇಡ” ಎಂಬುದು ಎರಡನೆಯ ಮಾತು. ಜಾತಿಭೇದ, ಹೆಣ್ಣು-ಗಂಡೆಂಬ ಭೇದ ಎರಡನ್ನೂ ಅಲ್ಲಗಳೆದ ಶರಣರ ಅನುಯಾಯಿಗಳಿಗೆ ಈ ಮಾತು ಒಪ್ಪುವುದಿಲ್ಲ. ನಾಟಿ ನಾಯಿ ನಮ್ಮ ಹವೆಗೆ ಒಗ್ಗಿದ ಜೀವ. ಮರಿ ಹಾಕೀತೆಂಬ ಭಯಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯಿದೆ.

ಶರಣ ಬಂಧುಗಳೇ, ದಾಸೋಹದಲ್ಲಿ ಉಳಿದ ಅನ್ನವನ್ನು ಬೀದಿಗೆ ಹಾಕುವುದು ಸುಲಭ. ನಮ್ಮ ದಯೆಯ ಪರೀಕ್ಷೆ ಮನೆಯೊಳಗೆ ಜಾಗ ಕೊಡುವುದರಲ್ಲಿದೆ. ಪ್ರತಿ ಊರಿನ ಬಸವ ಬಳಗ ವರ್ಷಕ್ಕೊಂದು ಮರಿಗಾದರೂ ಮನೆ ಹುಡುಕಿಕೊಡಲಿ.