ತಾಲ್ಲೂಕುವಾರು ಸಹಬಾಳ್ವೆ ಸೂಚ್ಯಂಕ ರೂಪಿಸುವಂತೆ ಕೋರಿ ಮನವಿ ಪತ್ರ

ಗೆ,
ಅಪರ ಮುಖ್ಯ ಕಾರ್ಯದರ್ಶಿಯವರು,
ಯೋಜನೆ, ಕಾರ್ಯಕ್ರಮ ಸಂಯೋಜನೆ ಮತ್ತು ಸಾಂಖ್ಯಿಕ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಜನಜೀವನವೂ ನಿಸರ್ಗವೂ ಎಷ್ಟರಮಟ್ಟಿಗೆ ಹೊಂದಿಕೊಂಡು ಬಾಳುತ್ತಿವೆ ಎಂಬುದನ್ನು ತಾಲ್ಲೂಕುವಾರು ಅಳೆಯುವ ಬಗ್ಗೆ.

ಮಾನ್ಯರೇ,

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನಿಟ್ಟುಕೊಂಡು ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ ಎಂದು ಗುರುತಿಸಿತು. ಅನುದಾನದ ಮಾತು ಬಂದಾಗ ಆ ಪಟ್ಟಿ ಇಂದಿಗೂ ಮುಂದೆ ಬರುತ್ತದೆ. ಕಾಡಂಚಿನ ಬಾಳಿಗೂ ಅಂಥದೊಂದು ಅಳತೆ ಬೇಕೆಂಬುದು ಸಕಲೇಶಪುರ, ಆಲೂರು ಭಾಗದ ಕೃಷಿಕರು ಮತ್ತು ತೋಟ ಕಾರ್ಮಿಕರಾದ ನಮ್ಮ ಬೇಡಿಕೆ.

ಹಸಿರು ಹೊದಿಕೆಯನ್ನೇ ಅಳತೆಗೋಲು ಮಾಡಬೇಡಿ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಒಂದು ಹೆಕ್ಟೇರ್‌ಗೆ ಕಡಿಮೆಯಿಲ್ಲದ, ಶೇ 10ರಷ್ಟಾದರೂ ಮರಗಳ ಹೊದಿಕೆಯಿರುವ ಜಾಗ ಯಾರದೇ ಆಗಿರಲಿ, ಅದು ಅರಣ್ಯ ಹೊದಿಕೆ. ಕಾಫಿ ತೋಟವೂ ಅದರಲ್ಲಿ ಸೇರುತ್ತದೆ. ಉಪಗ್ರಹದ ಕಣ್ಣಿಗೆ ನಮ್ಮೂರು ಅಚ್ಚಹಸಿರು. ಆದರೆ ಆನೆ ಯಾವ ತೋಟದಲ್ಲಿ ನಿಂತಿದೆ ಎಂದು ವಿಚಾರಿಸಿಕೊಳ್ಳದೆ ಬೆಳಗ್ಗೆ ತೋಟ ಕಾರ್ಮಿಕರ ಲೈನ್‌ಮನೆಯಿಂದ ಹೆಣ್ಣಾಳುಗಳು ಹೊರಗೆ ಕಾಲಿಡುವಂತಿಲ್ಲ.

ಬೆಳೆಹಾನಿ ಅರ್ಜಿಗಳ ಸಂಖ್ಯೆಯನ್ನೂ ನಂಬುವಂತಿಲ್ಲ. ಪಹಣಿ ಇನ್ನೂ ತಾತನ ಹೆಸರಿನಲ್ಲಿದ್ದವರು, ಗುತ್ತಿಗೆಗೆ ಗದ್ದೆ ಮಾಡುವವರು ಅರ್ಜಿಯ ಗೋಜಿಗೇ ಹೋಗುವುದು ಕಡಿಮೆ. ಆನೆ ಕಾಟಕ್ಕೆ ಬೇಸತ್ತು ಭತ್ತ ಬಿಟ್ಟವರ ಗದ್ದೆಗಳಲ್ಲಿ ಈಗ ಆಳೆತ್ತರ ಹುಲ್ಲು. ಬೆಳೆಯೇ ಇಲ್ಲದ ಮೇಲೆ ಬೆಳೆಹಾನಿ ಎಲ್ಲಿಂದ ಬರಬೇಕು? ಕಡತದಲ್ಲಿ ಆ ಊರು ನೆಮ್ಮದಿಯಾಗಿದೆ! ಆದ್ದರಿಂದ ಪಾಳುಬಿದ್ದ ಗದ್ದೆಯ ಎಕರೆಯನ್ನೂ ಸೂಚ್ಯಂಕದಲ್ಲಿ ಎಣಿಸಬೇಕು.

ಸತ್ತ ಮನುಷ್ಯರ ಲೆಕ್ಕದ ಪಕ್ಕದಲ್ಲೇ ವಿದ್ಯುತ್ ತಂತಿಗೆ, ಗುಂಡೇಟಿಗೆ ಬಲಿಯಾದ ಆನೆಗಳ ಲೆಕ್ಕವೂ ಇರಬೇಕು. ಒಂದು ಕಡೆ ರೈಲ್ವೆ ಕಂಬಿಯ ಬೇಲಿ ಎದ್ದರೆ ಹಿಂಡು ಪಕ್ಕದ ಊರಿಗೆ ತಿರುಗುತ್ತದೆ. ಅಂಕ ಇಲ್ಲಿ ಏರಿ ಅಲ್ಲಿ ಇಳಿಯುತ್ತದೆ. ಹಾಗಾಗಿ ನೆರೆಯ ತಾಲ್ಲೂಕುಗಳನ್ನು ಒಟ್ಟಿಗಿಟ್ಟೇ ನೋಡತಕ್ಕದ್ದು.

ಸಂಘರ್ಷವಷ್ಟೇ ಅಳತೆಯಾಗಬಾರದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆ ಅಂಗಳದ ಹುಣಸೆ ಮರದಲ್ಲಿ. ಹಿಕ್ಕೆಯ ವಾಸನೆ ಸಹಿಸಿಕೊಂಡು, ಅದನ್ನೇ ಹೊಲಕ್ಕೆ ಗೊಬ್ಬರ ಮಾಡಿಕೊಂಡ ಊರದು. ಅಂಥ ಊರಿಗೆ ಅಂಕ ಸಿಗಬೇಕು, ಅಂಕದ ಜೊತೆಗೆ ಅನುದಾನವೂ.

ಮಾಹಿತಿ ಕಲೆಹಾಕಲು ಹೊಸ ಏಜೆನ್ಸಿ ಬೇಡ. ಜೀವವೈವಿಧ್ಯ ಕಾಯ್ದೆ, 2002ರ ಅಡಿ ರಚಿಸುವ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೇ ಈ ಕೆಲಸ ಒಪ್ಪಿಸಿ, ಅದಕ್ಕೆ ಹಣ ಕೊಡಿ. ಲೈನ್‌ಮನೆಯವರ ಮತ್ತು ಗುತ್ತಿಗೆ ರೈತರ ಹೇಳಿಕೆ ದಾಖಲಾಗುವುದು ಕಡ್ಡಾಯವಾಗಲಿ. ಅಂಕಪಟ್ಟಿಯನ್ನು ಪ್ರತಿವರ್ಷ ಗ್ರಾಮಸಭೆಯಲ್ಲಿ ಓದಿ, ಆಕ್ಷೇಪಣೆಗೆ 30 ದಿನ ಕಾಲಾವಕಾಶ ಕೊಡಬೇಕು.

ಪ್ರಾಯೋಗಿಕ ಹಂತಕ್ಕೆ ನಮ್ಮ ಎರಡು ತಾಲ್ಲೂಕುಗಳನ್ನೇ ಆರಿಸಿಕೊಳ್ಳಬೇಕೆಂದೂ, ರೂಪುರೇಷೆ ಅಂತಿಮಗೊಳಿಸುವ ಮುನ್ನ ಸಕಲೇಶಪುರದಲ್ಲಿ ಬಹಿರಂಗ ಅಹವಾಲು ಸಭೆ ಕರೆಯಬೇಕೆಂದೂ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಕೃಷಿಕರು ಹಾಗೂ ತೋಟ ಕಾರ್ಮಿಕರು

ಪ್ರತಿ: ಸದಸ್ಯ ಕಾರ್ಯದರ್ಶಿಯವರು, ಕರ್ನಾಟಕ ಜೀವವೈವಿಧ್ಯ ಮಂಡಳಿ, ಬೆಂಗಳೂರು.