ನೆಗೆಟಿವ್‌ನ ಅಂಚು ಓದಲು ಕಲಿಯಿರಿ

ಕಲರ್ ರೀಲನ್ನು ಮನೆಯಲ್ಲೇ ತೊಳೆಯುತ್ತೇನೆ ಎಂದರೆ ನಮ್ಮ ಕೆರೆಬಿಳಚಿಯಲ್ಲಿ ಮೊದಲು ಕೇಳುವುದು, ‘ರೀಲು ಈಗಲೂ ಸಿಗುತ್ತಾ?’ ಆಮೇಲೆ, ‘ಇದರಿಂದ ಕೆಲಸ ಸಿಗುತ್ತಾ?’ ರೀಲು ಸಿಗುತ್ತದೆ, ದುಬಾರಿ. ಕೆಲಸ ಸಿಗುವುದಿಲ್ಲ. ಆದರೆ ಕೆಟ್ಟದ್ದು ಎಲ್ಲಿ ಕೆಟ್ಟಿತು ಎಂದು ಹುಡುಕುವ ಅಭ್ಯಾಸ ಕಾಲೇಜಿನ ಪ್ರಾಕ್ಟಿಕಲ್‌ಗಿಂತ ಇಲ್ಲಿ ಚೆನ್ನಾಗಿ ಆಗುತ್ತದೆ ಎಂಬುದು ನನ್ನ ವಾದ. ಪ್ರಾಕ್ಟಿಕಲ್‌ನಲ್ಲಿ ಬರಬೇಕಾದ ಉತ್ತರ ಸೀನಿಯರ್‌ಗಳ ರೆಕಾರ್ಡ್‌ನಲ್ಲಿ ಮೊದಲೇ ಇರುತ್ತದೆ. ರೀಲಿನ ವಿಷಯದಲ್ಲಿ ನೋಡಿ ಬರೆಯಲು ಏನೂ ಇಲ್ಲ.

ಕೊಡಾಕ್ 1972ರಲ್ಲಿ ತಂದ ಸಿ–41 ವಿಧಾನವೇ ಇವತ್ತಿಗೂ ನಡೆಯುತ್ತಿದೆ. ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ 15 ಸೆಕೆಂಡ್, ನಂತರ ಬೆಳ್ಳಿಯನ್ನು ತೆಗೆದುಹಾಕುವ ಬ್ಲಿಕ್ಸ್, ತೊಳೆದು ಕೊನೆಗೆ ಸ್ಟೆಬಿಲೈಸರ್. ಇಷ್ಟೇ ಕೆಲಸ.

ಗೆಳೆಯನೊಬ್ಬನ ರೀಲು ಪೂರಾ ಖಾಲಿ ಬಂತು. ಸುತ್ತ ನಿಂತಿದ್ದವರೆಲ್ಲ ‘ಡೆವಲಪರ್ ಸತ್ತಿದೆ, ಚೆಲ್ಲು’ ಎಂದರು. ಆದರೆ ಅಂಚಿನಲ್ಲಿ ಕಂಪನಿಯ ಹೆಸರು, ಫ್ರೇಮ್ ನಂಬರು ಸ್ಪಷ್ಟವಾಗಿದ್ದವು. ಆ ಅಕ್ಷರಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚು ಹಾಕಿರುತ್ತಾರೆ. ಅವು ಮೂಡಿವೆ ಎಂದರೆ ಡೆವಲಪರ್ ಕೆಲಸ ಮಾಡಿದೆ. ತಪ್ಪು ಕ್ಯಾಮೆರಾದ್ದು: ರೀಲು ಒಳಗೆ ಸುತ್ತಿಕೊಂಡೇ ಇರಲಿಲ್ಲ. ಚೆಲ್ಲಲು ಹೊರಟಿದ್ದ ಒಂದು ಲೀಟರ್ ಡೆವಲಪರ್ ಉಳಿಯಿತು. ಅಂಚಿನಲ್ಲೂ ಏನೂ ಇಲ್ಲದಿದ್ದರೆ ಆಗ ಡೆವಲಪರನ್ನು ಅನುಮಾನಿಸಿ, ಇಲ್ಲವೇ ಬ್ಲಿಕ್ಸ್ ಮೊದಲು ಬಿದ್ದಿದೆ. ಅಂಚಿನವರೆಗೂ ಕಪ್ಪಾಗಿದ್ದರೆ ಎಲ್ಲೋ ಬೆಳಕು ನುಗ್ಗಿದೆ. ಅಂದಹಾಗೆ, ಕಿತ್ತಳೆ ಬಣ್ಣ ದೋಷವಲ್ಲ. ಕಲರ್ ನೆಗೆಟಿವ್ ಇರುವುದೇ ಹಾಗೆ.

ಚಿತ್ರ ಮೂಡಿದ್ದೂ ಮಂಕಾಗಿ, ಹಾಲು ಹಾಲಾಗಿ ಕಂಡರೆ ಬೆಳ್ಳಿ ಇನ್ನೂ ಉಳಿದಿದೆ ಎಂದರ್ಥ. ಎಸೆಯಬೇಡಿ. ಬಣ್ಣ ಆಗಲೇ ಕೂತಿರುವುದರಿಂದ ಹಗಲು ಬೆಳಕಿನಲ್ಲೇ ಮತ್ತೊಮ್ಮೆ ಒಳ್ಳೆಯ ಬ್ಲಿಕ್ಸ್‌ನಲ್ಲಿ ಅದ್ದಿ ತೊಳೆದರೆ ಸರಿಹೋಗುತ್ತದೆ. ಡೆವಲಪರ್‌ಗೆ ಮಾತ್ರ ಎರಡನೇ ಅವಕಾಶವಿಲ್ಲ. ಬ್ಲಿಕ್ಸ್‌ನ ಕೆಲವೇ ಹನಿ ಬಿದ್ದರೂ ಅದು ಕೆಡುತ್ತದೆ. ಆದ್ದರಿಂದ ಎರಡಕ್ಕೂ ಅಳತೆ ಲೋಟ, ಆಲಿಕೆ ಬೇರೆ ಬೇರೆ ಇರಲಿ, ಅಡುಗೆಮನೆಯವು ಬೇಡವೇ ಬೇಡ. ಕೈಗೆ ಗ್ಲೌಸ್ ಬೇಕು. ರೀಲು ಹಾಕುವ ಮುನ್ನ ಅದರ ತುದಿಯ ಚೂರೊಂದನ್ನು ಬೆಳಕಿನಲ್ಲೇ ಡೆವಲಪರ್‌ಗೆ ಅದ್ದಿ ನೋಡಿ. ಚೆನ್ನಾಗಿ ಕಪ್ಪಾದರೆ ಅದಕ್ಕೆ ಜೀವವಿದೆ.

ಶಾಖದ ಲೆಕ್ಕ ನಮ್ಮ ಕಡೆ ತಿರುಗುಮುರುಗು. ಚಳಿ ದೇಶದವರಿಗೆ ನೀರು ಆರದಂತೆ ಕಾಯುವ ಚಿಂತೆ. ನಮಗೆ ಏಪ್ರಿಲ್ ಮಧ್ಯಾಹ್ನ ಟೆರೇಸಿನ ಟ್ಯಾಂಕಿನ ನೀರು ಮುಟ್ಟಿದರೆ ಕೈ ಸುಡುತ್ತದೆ, ತಣ್ಣೀರು ಬೆರೆಸಿ ಇಳಿಸಬೇಕು. 37.8 ಎಂದರೆ 100 ಡಿಗ್ರಿ ಫ್ಯಾರನ್‌ಹೀಟ್, ಮೈಗೆ ಸಣ್ಣ ಜ್ವರ ಬಂದಷ್ಟು. ಹಾಗಾಗಿ ಮೆಡಿಕಲ್ ಶಾಪಿನ ಜ್ವರದ ಡಿಜಿಟಲ್ ಥರ್ಮಾಮೀಟರ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ನಿಮ್ಮ ಲ್ಯಾಬ್ ಥರ್ಮಾಮೀಟರ್ ಸುಳ್ಳು ಹೇಳುತ್ತಿದೆಯೇ ಎಂದು ಅದರ ಜೊತೆ ಇಟ್ಟು ನೋಡಿ. ಒಣಗಿದ ಮೇಲೆ ಬಿಳಿ ಕಲೆ ಕಾಣಿಸಿದರೆ ಅದು ಬೋರ್‌ವೆಲ್ ನೀರಿನ ಗಡಸು. ಕೊನೆಯ ಸ್ಟೆಬಿಲೈಸರನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಸಿ. ಅದಿಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದ ನೀರಾದರೂ ಆದೀತು.

ನನಗೆ ಬೇಸರ ತರಿಸುವುದು ಒಂದೇ. ಬಣ್ಣ ಸರಿ ಬರಲಿಲ್ಲ ಎಂದು ಕೆಮಿಕಲ್, ಸಮಯ, ಶಾಖ, ರೀಲು ಎಲ್ಲವನ್ನೂ ಒಟ್ಟಿಗೆ ಬದಲಿಸುವವರು. ಮುಂದಿನ ರೀಲು ಚೆನ್ನಾಗಿ ಬಂದರೂ ಯಾವುದರಿಂದ ಬಂತೆಂದು ಅವರಿಗೆ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪುಸ್ತಕದಲ್ಲಿ ಬರೆದಿಡಿ. ಸ್ಕ್ಯಾನ್ ನೋಡಿ ತೀರ್ಪು ಕೊಡುವ ಮೊದಲು ನೆಗೆಟಿವನ್ನೇ ಮೊಬೈಲಿನ ಬಿಳಿ ಪರದೆಗೆ ಹಿಡಿದು ನೋಡಿ. ತಪ್ಪು ಸ್ಕ್ಯಾನರ್‌ನದ್ದೇ ಇರಬಹುದು. ಹೀಗೆ ಕಲಿತವರಿಗೆ ಕೆಟ್ಟ ಪಂಪ್‌ಸೆಟ್ ಮುಂದೆಯೂ, ಓಡದ ಪ್ರೋಗ್ರಾಂ ಮುಂದೆಯೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ.

ಬಳಸಿದ ಬ್ಲಿಕ್ಸ್‌ನಲ್ಲಿ ಬೆಳ್ಳಿ ಕರಗಿರುತ್ತದೆ, ಮೀನಿಗೆ ಅದು ವಿಷ. ಪಕ್ಕದ ಸೂಳೆಕೆರೆಯ ನೀರನ್ನು ಚಿತ್ರದುರ್ಗದವರೂ ಕುಡಿಯುತ್ತಾರೆ. ಚರಂಡಿಗೋ ಕಾಲುವೆಗೋ ಸುರಿಯದೆ ಕ್ಯಾನಿನಲ್ಲಿ ಕೂಡಿಡಿ. ಹಳೆ ಎಕ್ಸ್‌–ರೇ ಫಿಲ್ಮ್ ಕೊಂಡು ಬೆಳ್ಳಿ ತೆಗೆಯುವವರು ಯಾರಾದರೂ ಸಿಕ್ಕರೆ ಅವರಿಗೆ ಕೊಡಿ.