ಇಂಗಳೀಕದೊಳಗಿನ ಪಾದರಸ

ಶಂಕರನಾರಾಯಣದ ಆಸುಪಾಸಿನಲ್ಲಿ ಯಕ್ಷಗಾನದ ಚೌಕಿ ಕಂಡ ಹಿರಿಯರಿಗೆ ಇಂಗಳೀಕ ಹೊಸ ಹೆಸರಲ್ಲ. ವೇಷಧಾರಿಗಳು ಹಿಂದೆ ಮುಖಕ್ಕೆ ಹಚ್ಚುತ್ತಿದ್ದ ಆ ಕೆಂಪು, ರಸಾಯನಶಾಸ್ತ್ರದ ಲೆಕ್ಕದಲ್ಲಿ ಪಾದರಸದ ಸಲ್ಫೈಡ್. ಹಳೆಯ ಚಿತ್ರಗಳ, ಬಣ್ಣ ಬಳಿದ ಮರದ ಮೂರ್ತಿಗಳ ಕೆಂಪೂ ಎಷ್ಟೋ ಕಡೆ ಇದೇ.

ಇದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಚಿತ್ರವನ್ನು ನೋಡುವವರಿಗೆ ಭಯವಿಲ್ಲ. ಅಪಾಯವಿರುವುದು ದುರಸ್ತಿ ಮಾಡುವವರಿಗೆ. ಒಣ ಬಣ್ಣವನ್ನು ಕೆರೆದರೆ ಧೂಳು ಮೂಗಿಗೆ ಹೋಗುತ್ತದೆ. ಹಳೇ ಪದರ ಬಿಡಿಸಲು ಬೆಂಕಿ ತೋರಿಸಿದರಂತೂ ಗಂಧಕ ಉರಿದು ಪಾದರಸ ಆವಿಯಾಗಿ ಹೊರಡುತ್ತದೆ. ಈ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೋದದ್ದರಲ್ಲಿ ನೂರಕ್ಕೆ ಸುಮಾರು 80 ಪಾಲು ರಕ್ತ ಸೇರಿ ಮಿದುಳು, ಮೂತ್ರಪಿಂಡಗಳನ್ನು ಮುಟ್ಟುತ್ತದೆ. ನಿದ್ದೆ ಕೆಡುತ್ತದೆ, ವಸಡು ಊದುತ್ತದೆ, ಸಿಡುಕು ಹೆಚ್ಚುತ್ತದೆ (ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುವುದೂ ಉಂಟು!). ಬೆರಳು ನಡುಗತೊಡಗಿದರೆ ಕುಂಚ ಹಿಡಿದು ಬದುಕುವವನ ಗತಿಯೇನು?

ಚಿನ್ನದ ಲೇಪದ ಕಥೆ ಇನ್ನೂ ಘೋರ. ಪಾದರಸದಲ್ಲಿ ಚಿನ್ನ ಕರಗಿಸಿ, ತಾಮ್ರಕ್ಕೆ ಸವರಿ ಕಾಯಿಸುತ್ತಿದ್ದರು. 1858ರಲ್ಲಿ ಪೂರ್ಣಗೊಂಡ ಸೇಂಟ್ ಪೀಟರ್ಸ್‌ಬರ್ಗಿನ ಸೇಂಟ್ ಐಸಾಕ್ ಚರ್ಚಿನ ಗುಮ್ಮಟಕ್ಕೆ ಹೀಗೆ ಹೊನ್ನು ಹಚ್ಚುವಾಗ ಸುಮಾರು 60 ಕೆಲಸಗಾರರು ಸತ್ತರೆಂದು ಹೇಳುತ್ತಾರೆ.

ಬಟ್ಟೆಯ ಮುಖಗವಸು ಆವಿಯನ್ನು ತಡೆಯದು; ಪಾದರಸಕ್ಕೆಂದೇ ಇರುವ ಸೋಸುಕದ ಮುಖವಾಡ ಬೇಕು. ಬಿದ್ದ ಧೂಳನ್ನು ಹಿಡಿಸೂಡಿಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕೆಲಸದ ಅಂಗಿಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಲೇಬಾರದು.